ಹಳೇ ಗಾಲ್ಫ್ ಪಟರ್ ತಗೊಳ್ಳೋರೇ, ಹೋಸೆಲ್‌ನ ನಾಲ್ಕೂ ಕಡೆ ನೋಡದೆ ದುಡ್ಡು ಕಳಿಸ್ಬೇಡಿ

ಪಟರ್ ಅಂದ್ರೆ ಗಾಲ್ಫಲ್ಲಿ ಬಾಲ್‌ನ ಗುಳಿಗೆ ಉರುಳಿಸೋ ಕ್ಲಬ್, ಹೋಸೆಲ್ ಅಂದ್ರೆ ಅದರ ಶಾಫ್ಟ್ (ಕೋಲು) ಹೆಡ್‌ಗೆ ಸೇರೋ ಕುತ್ತಿಗೆ. ಮೊದಲೇ ಹೇಳ್ಬಿಡ್ತೀನಿ, ನಾನು ಹಳೇ ಪಟರ್ ತಗೋಬೇಡಿ ಅಂತ ಬರೀತಿಲ್ಲ. ನನ್ನ ಬ್ಯಾಗಲ್ಲಿ ಬೇರೆ ಕ್ಲಬ್ ಯಾವ್ದಾದ್ರೂ ಇರ್ಲಿ, ಪಟರ್ ಮಾತ್ರ ಹಳೇದೇ ಬೇಕು ನಂಗೆ. ದೂರ ಹೊಡೆಯೋ ಡ್ರೈವರ್ ಹಳೇದಾದ್ರೆ ದೂರ ಕಮ್ಮಿ, ಸ್ವಲ್ಪ ಆಚೀಚೆ ತಗುಲಿದ್ರೂ ಬಾಲ್ ಎಲ್ಲೋ ಹೋಗುತ್ತೆ, ಒಪ್ಕೋತೀನಿ. ಪಟರ್‌ಗೆ ಆ ಲೆಕ್ಕ ಇಲ್ಲ ಕಣ್ರೀ. ಹತ್ತಡಿ ದೂರದಿಂದ ಬಾಲ್ ಉರುಳಿಸೋಕೆ ಐವತ್ತು ವರ್ಷ ಹಿಂದಿನ ಹೆಡ್ಡೂ ಸಾಕು, ಮತ್ತೆ ಈಗ ಹೊಸದು ಅಂತ ಬರೋ ಎಷ್ಟೋ ಪಟರ್‌ಗಳ ಆಕಾರ ಹುಟ್ಟಿದ್ದೇ ಆವಾಗ.

ಕಾರ್ಸ್ಟನ್ ಸೋಲ್ಹೈಮ್ ಅಂತ ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದೋರು 1959ರಲ್ಲಿ ಪಿಂಗ್ 1ಎ ಅನ್ನೋ ಪಟರ್ ಮಾಡಿದ್ರು. ತೂಕಾನ ಮಧ್ಯದಿಂದ ತೆಗೆದು ಹೀಲ್ (ಶಾಫ್ಟ್ ಹತ್ರದ ತುದಿ) ಕಡೆಗೂ ಟೋ (ಆಚೆ ತುದಿ) ಕಡೆಗೂ ಹಂಚಿದ್ರು, ಹಾಗಾಗಿ ಬಾಲ್ ಸ್ವಲ್ಪ ಪಕ್ಕಕ್ಕೆ ತಗುಲಿದ್ರೂ ಹೆಡ್ ತಿರುಗೋದು ಕಮ್ಮಿ. ಹೊಡೆದಾಗ ಟಿಂಗ್ ಅಂತ ಸದ್ದು ಬೇರೆ. 1966ರಲ್ಲಿ ಅವರದ್ದೇ ಆನ್ಸರ್ ಅನ್ನೋ ಪಟರ್ ಬಂತು, ಅದರ ಡಿಸೈನ್‌ಗೆ 1967ರಲ್ಲಿ ಪೇಟೆಂಟ್ ಸಿಕ್ತು, ಆಮೇಲೆ ಆ ಆಕಾರಾನ ಮಾಡದೇ ಇರೋ ಕಂಪನಿ ಹುಡುಕೋದೇ ಕಷ್ಟ. ಟೈಗರ್ ವುಡ್ಸ್ 1999ರಿಂದ ಹಿಡ್ಕೊಂಡ ಸ್ಕಾಟಿ ಕ್ಯಾಮರಾನ್ ನ್ಯೂಪೋರ್ಟ್ 2 ಕೂಡಾ ಅದೇ ವಂಶದ್ದು. ಇನ್ನೊಂದು ಕಡೆ ವಿಲ್ಸನ್ 8802 ಅನ್ನೋ ಪಟರ್. ಅಮೆರಿಕದ ಆಟಗಾರ ಬೆನ್ ಕ್ರೆನ್‌ಶಾ ಹುಡುಗನಾಗಿದ್ದಾಗ ಕೈಗೆ ಬಂದ ಅದೇ ಪಟರ್‌ಗೆ ಲಿಟಲ್ ಬೆನ್ ಅಂತ ಹೆಸರು, 1984ರ ಮಾಸ್ಟರ್ಸ್ ಟೂರ್ನಿ ಗೆದ್ದಿದ್ದು ಅದ್ರಲ್ಲೇ. 1987ರ ರೈಡರ್ ಕಪ್‌ನಲ್ಲಿ (ಅಮೆರಿಕ-ಯೂರೋಪ್ ತಂಡಗಳ ಪಂದ್ಯ) ಸಿಟ್ಟಲ್ಲಿ ಪಟರ್ ಮುರ್ಕೊಂಡು, ಉಳಿದ ಹೋಲ್‌ಗಳಲ್ಲಿ ಬೇರೆ ಕ್ಲಬ್‌ಗಳಾದ ಒನ್ ಐರನ್ನಲ್ಲೂ ವೆಜ್ಜಲ್ಲೂ ಪಟ್ ಮಾಡಿ ಏಮನ್ ಡಾರ್ಸಿ ಎದುರು ಸೋತ. ಅಂಥ ಶಾಂತ ಮನುಷ್ಯನಿಗೇ ಪಟರ್ ಮೇಲೆ ಅಷ್ಟು ಸಿಟ್ಟು ಬಂತು ಅಂದ್ರೆ ನಮ್ಮದೆಲ್ಲಾ ಏನು ಬಿಡಿ.

ಈ ಥರದ ಕಥೆ ಕೇಳ್ತಾ ಕೇಳ್ತಾ ನಮಗೂ ಅಂಥದೊಂದು ಬೇಕು ಅನ್ಸುತ್ತೆ, ಮಾರೋರು ಆಟ ಆಡೋದೂ ಅಲ್ಲೇ. ಅವರು ಮಾರೋದು ಪಟರ್‌ನ ಅಲ್ಲ, ಅದರ ಹಿಂದಿನ ಕಥೆನ, ಪಟರ್ ಹೆಂಗಿದೆ ಅಂತ ಕೇಳಿದ್ರೆ ಮತ್ತೆ ಕಥೆಗೇ ಬರ್ತಾರೆ.

ನಂಗೆ ಆಗಿದ್ದು ಇದು. ಸ್ಕಾಟ್ಸ್‌ಡೇಲ್ ಅಂತ ಕೆತ್ತಿರೋ ಆನ್ಸರ್ ಒಂದು ಆನ್‌ಲೈನಲ್ಲಿ ಮಾರಾಟಕ್ಕೆ ಬಂತು. ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ, ಸೋಲ್ಹೈಮ್ 1967ರಲ್ಲಿ ಕೆಲಸ ಬಿಟ್ಟು ವ್ಯಾಪಾರಾನ ಫೀನಿಕ್ಸ್‌ಗೆ ತಗೊಂಡು ಹೋದ್ರು, ಅದಕ್ಕಿಂತ ಮುಂಚೆ ಅರಿಝೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಮನೆ ಗ್ಯಾರೇಜಲ್ಲೇ ಕೆಲಸ ನಡೀತಿತ್ತು, ಹಾಗಾಗಿ ಆ ಊರಿನ ವಿಳಾಸ ಇರೋ ಹಳೇ ಆನ್ಸರ್‌ಗಳಿಗೆ ಸಂಗ್ರಹ ಮಾಡೋರು ಮುಗಿಬೀಳ್ತಾರೆ. ಕಂಪನಿಯವರು ಎಷ್ಟೋ ವರ್ಷ ಆದ್ಮೇಲೆ ಸ್ಕಾಟ್ಸ್‌ಡೇಲ್ ಅನ್ನೋ ಹೆಸರಲ್ಲೇ ಹೊಸ ಸೀರೀಸ್ ಕೂಡಾ ಮಾಡಿದ್ರು, ಅದು ಬೇರೆ ಇದು ಬೇರೆ, ಬರೀ ಆ ಪದ ನೋಡಿ ಹಳೇದು ಅಂದ್ಕೋಬೇಡಿ. ನಾನು ನೋಡಿದ್ದು ಹಳೇ ಥರದ್ದೇ. ಸೋಲ್ (ತಳ) ಫೋಟೋ, ಫೇಸ್ (ಬಾಲ್‌ಗೆ ತಗುಲೋ ಮುಖ) ಫೋಟೋ, ಹಿಂದಿನ ಕ್ಯಾವಿಟಿ (ಗುಳಿ) ಫೋಟೋ ಎಲ್ಲಾ ಮಾರೋನು ಹಾಕಿದ್ದ, ಚಿನ್ನದ ಥರ ಫಳಫಳ ಹೊಳೀತಿತ್ತು. ಹೋಸೆಲ್ ಹತ್ರದಿಂದ ತೋರ್ಸಿ ಅಂದೆ, ಒಂದು ಫೋಟೋ ಬಂತು, ಮುಂಭಾಗದ್ದು ಮಾತ್ರ. ಹಿಂದಿನದೂ ಬೇಕು ಅಂದಿದ್ದಕ್ಕೆ "ಸರ್ ಆಗ್ಲೇ ಪ್ಯಾಕ್ ಮಾಡ್ಬಿಟ್ಟಿದೀನಿ, ಲೈಟಾಗಿ ಪಾಲಿಶ್ ಬಿಟ್ರೆ ಎಲ್ಲಾ ಒರಿಜಿನಲ್ಲೇ, ಒಬ್ಬರೇ ಯಜಮಾನರು ಜೀವನ ಪೂರ್ತಿ ಇಟ್ಕೊಂಡಿದ್ದು" ಅಂದ. ಬಿಚ್ಚಿ ತೋರ್ಸಿ ಅಂದ್ರೆ ಇನ್ನೊಬ್ಬರು ಕೇಳ್ತಿದಾರೆ ಸರ್ ಅಂತ ಶುರು. ವಾಪಸ್ ತಗೋತೀನಿ ಅಂತ ಬರೆದು ಕೊಡಿಸ್ಕೊಂಡೇ ದುಡ್ಡು ಕಳಿಸ್ದೆ, ಅದೊಂದೇ ಕೊನೆಗೆ ನನ್ನ ಕೈ ಹಿಡಿದಿದ್ದು.

ಬಂತು. ಕೈಗೆ ತಗೊಂಡ ತಕ್ಷಣ ಏನೋ ಸರಿ ಇಲ್ಲ. ಸೋಲ್ ಮೇಲಿನ ಅಕ್ಷರಗಳ ಅಂಚು ಬೆರಳಿಗೆ ಸಿಗ್ತಾನೇ ಇಲ್ಲ, ಸವೆದು ಸವೆದು ಒಳಗೆ ಹಾಕಿದ ಕಪ್ಪು ಪೇಂಟ್ ಇರೋದ್ರಿಂದ ಮಾತ್ರ ಓದೋಕಾಗ್ತಿದೆ. ಲೈಟಾಗಿ ಪಾಲಿಶ್ ಅಂದಿದ್ದು ಹೊಳಪು ಕೊಡೋ ಬಫಿಂಗ್ ವ್ಹೀಲ್‌ಗೆ ಹಿಡಿದು ಚೆನ್ನಾಗಿ ತಿಂದಿರೋದು. ಟೋ ಕಡೆ ಅಂಚೆಲ್ಲಾ ಸೋಪಿನ ಬಿಲ್ಲೆ ಥರ ದುಂಡಗಾಗಿದೆ. ಶಾಫ್ಟ್ ಅಲ್ಲಾಡಿಸಿದ್ರೆ ಒಳಗೆ ಸರಸರ ಸದ್ದು. ಬಾಲ್ ಹಿಂದೆ ಇಟ್ಟು ನೋಡಿದ್ರೆ ಫೇಸ್ ಆಕಾಶ ನೋಡ್ತಿದೆ, ಮೆಲ್ಲಗೆ ಹೊಡೆದ್ರೆ ಬಾಲ್ ಉರುಳೋ ಬದ್ಲು ಮೊದಲು ಒಂದ್ಸಲ ನೆಗೆದು ಆಮೇಲೆ ಓಡುತ್ತೆ.

ಕ್ಲಬ್ ರಿಪೇರಿ ಮಾಡೋ ಒಬ್ಬ ಹಿರಿಯರ ಹತ್ರ ತಗೊಂಡು ಹೋದೆ. ಅವರು ಮೊದಲು ಮಾಡಿದ್ದು ಹೋಸೆಲ್ ಹಿಂಭಾಗಕ್ಕೆ ಹತ್ತಿಯಲ್ಲಿ ಥಿನ್ನರ್ ಹಚ್ಚಿ ಒರೆಸಿದ್ದು. ಹತ್ತಿಗೆ ಚಿನ್ನದ ಬಣ್ಣ ಮೆತ್ಕೊಂಡು ಬಂತು. ಲೋಹದ ಮೇಲೆ ಪೇಂಟ್ ಯಾಕೆ ಇರ್ಬೇಕು ಹೇಳಿ. ಆಮೇಲೆ ಪಿನ್ ಮೊನೆಯಿಂದ ಒಂದು ಗೆರೆ ಮೇಲೆ ಕೆರೆದ್ರು, ಪುಡಿಪುಡಿಯಾಗಿ ಉದುರ್ತು. ಎಪಾಕ್ಸಿ ಅನ್ನೋ ಗಟ್ಟಿ ಅಂಟಿಗೆ ಲೋಹದ ಪುಡಿ ಕಲಸಿ ತುಂಬಿದಾರೆ. ಕೆಳಗೆ ಕೂದಲೆಳೆಯಷ್ಟು ಅಗಲದ ಬಿರುಕು, ಹೋಸೆಲ್ ಬಾಗೋ ಮೂಲೆಯಿಂದ ಶುರುವಾಗಿ ಅರ್ಧ ಸುತ್ತು ಹೋಗಿದೆ. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಅಕ್ಷರಶಃ ಅದೇ.

ಹಿರಿಯರು ಹೇಳಿದ್ದು ಏನಂದ್ರೆ, ಯಾರೋ ಲೈ (ಶಾಫ್ಟ್ ನೆಲಕ್ಕೆ ವಾಲೋ ಕೋನ) ಬದಲಾಯಿಸೋಕೆ ಸರಿಯಾಗಿ ಹಿಡಿದು ಕೂರಿಸದೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದಾರೆ, ಅದೇ ಮೂಲೇಲಿ ಬಗ್ಗಿಸಿ ಬಗ್ಗಿಸಿ ಲೋಹ ಸುಸ್ತಾಗಿ ಸೀಳಿದೆ, ಲಾಫ್ಟ್ (ಫೇಸ್ ಮೇಲಕ್ಕೆ ವಾಲಿರೋ ಕೋನ) ಜಾಸ್ತಿ ಆಗಿರೋದೂ ಅದ್ರಿಂದಾನೇ. ಬಫಿಂಗ್‌ನಲ್ಲಿ ತೂಕ ಹೋಗಿದ್ದಕ್ಕೆ ಶಾಫ್ಟ್ ಒಳಗೆ ಸೀಸದ ಪುಡಿ ಸುರಿದು ಮೇಲೆ ಕಾರ್ಕ್ ಹಾಕಿದಾರೆ, ಆ ಕಾರ್ಕ್ ಸಡಿಲ ಆಗಿ ಒಳಗೆ ಸರಸರ. ಗ್ರಿಪ್ ಕೂಡಾ ಹೊಸದು, ಹಳೇದರ ಥರ ಕಾಣೋ ಮಾಡೆಲ್ ಹುಡುಕಿ ಹಾಕಿರೋದು. ಇಷ್ಟೆಲ್ಲಾ ಕೆಲಸ ಗೊತ್ತಿರೋನಿಗೆ ಬಿರುಕು ಗೊತ್ತಿರ್ಲಿಲ್ಲ ಅಂದ್ರೆ ನಂಬ್ಬೇಕಾ?

ಇಲ್ಲಿ ಒಂದು ಮಾತು ಮಧ್ಯೆ ಹೇಳ್ಲೇಬೇಕು, ಇದು ದುಡ್ಡಿನ ವಿಷ್ಯ ಅಲ್ಲ. ಆ ಎಪಾಕ್ಸಿ ಎಲ್ಲಾ ಉಜ್ಜಿ ತೆಗೆದು ನೋಡೋಣ ಅಂತ ನಾನು ಸ್ಯಾಂಡ್‌ಪೇಪರ್ ಕೈಗೆತ್ಕೊಂಡಾಗ ಹಿರಿಯರು ಕೈ ಹಿಡಿದು ನಿಲ್ಸಿದ್ರು. ಪಿಂಗ್‌ನವರು, ಅಂದ್ರೆ ಸೋಲ್ಹೈಮ್ ಕಂಪನಿಯವರು, ಮ್ಯಾಂಗನೀಸ್ ಬ್ರಾಂಝಲ್ಲೂ ಮಾಡ್ತಿದ್ರು, ಬೆರಿಲಿಯಮ್ ಕಾಪರಲ್ಲೂ ಮಾಡ್ತಿದ್ರು, ಹಳೇದಾದ್ಮೇಲೆ ಬರೀ ಕಣ್ಣಲ್ಲಿ ನೋಡಿ ಯಾವುದು ಯಾವುದು ಅಂತ ಧೈರ್ಯವಾಗಿ ಹೇಳೋಕಾಗಲ್ಲ. ಬೆರಿಲಿಯಮ್ ಕಾಪರ್ ಕೈಯಲ್ಲಿ ಹಿಡ್ಕೊಂಡು ಆಡೋದ್ರಿಂದ ಏನೂ ಆಗಲ್ಲ, ಆದ್ರೆ ಅದನ್ನ ಅರ ಹಾಕಿ, ಗ್ರೈಂಡ್ ಮಾಡಿ, ಬಫ್ ಮಾಡಿ ಬರೋ ಧೂಳು ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೆ ವಾಸಿಯಾಗದ ಕಾಯಿಲೆ ಬರಬಹುದು. ತಾಮ್ರದ ಬಣ್ಣದ ಹಳೇ ಪಟರ್ ಮನೇಲಿ ಇದ್ದು, ರೀಸ್ಟೋರ್ ಮಾಡ್ತೀನಿ ಅಂತ ಹೊರಟಿದ್ರೆ ದಯವಿಟ್ಟು ಬೇಡ. ಬಟ್ಟೆಲಿ ಒರೆಸಿ ಇಟ್ಕೊಳ್ಳಿ, ಕಪ್ಪಾಗಿದ್ರೆ ಕಪ್ಪಾಗೇ ಇರ್ಲಿ. ಸಂಗ್ರಹ ಮಾಡೋರು ಆ ಕಪ್ಪಿಗೇ ಜಾಸ್ತಿ ಬೆಲೆ ಕೊಡ್ತಾರೆ, ಹೊಳಪಿಗಲ್ಲ.

ಮಾರಿದೋನಿಗೆ ಬಿರುಕಿನ ಫೋಟೋ ಕಳಿಸ್ದೆ. ಮೊದಲು ಓದಿ ಸುಮ್ನಾದ. ಆಮೇಲೆ ನೀವೇ ಬಗ್ಗಿಸಿದೀರಾ ಅಂದ. ಆಮೇಲೆ ಹಳೇ ಸಾಮಾನು ಅಂದ್ರೆ ಹಂಗೇ ಇರುತ್ತೆ ಅಂದ. ಪೇಂಟ್ ಹತ್ತಿದ ಹತ್ತಿ, ಉದುರಿದ ಪುಡಿ, ಬಾಕ್ಸ್ ಬಿಚ್ಚಿದಾಗಿನ ವಿಡಿಯೋ, ವಾಪಸ್ ತಗೋತೀನಿ ಅಂತ ಅವನೇ ಬರೆದಿದ್ದು, ಎಲ್ಲಾ ಒಟ್ಟಿಗೆ ಇಟ್ಟು ದೂರು ಕೊಟ್ಟ ಮೇಲೆ ದುಡ್ಡು ವಾಪಸ್ ಬಂತು, ಕಳಿಸೋ ಖರ್ಚು ನನ್ನ ತಲೆ ಮೇಲೇ. ಬಾಕ್ಸ್ ಬಿಚ್ಚೋ ವಿಡಿಯೋ ಇರ್ಲಿಲ್ಲ ಅಂದಿದ್ರೆ ನೀವೇ ಬಗ್ಗಿಸಿದ್ದು ಅನ್ನೋ ಮಾತೇ ಗೆಲ್ತಿತ್ತು.

ಹಾಗಾದ್ರೆ ಏನ್ ನೋಡ್ಬೇಕು? ಹೋಸೆಲ್‌ನ ನಾಲ್ಕೂ ಕಡೆ, ಹಗಲು ಬೆಳಕಲ್ಲಿ, ಅಷ್ಟೂ ಕೊಡಲಿಲ್ಲ ಅಂದ್ರೆ ಅದನ್ನ ಬಿಟ್ಟು ಬೇರೆ ನೋಡಿ. ಹೆಡ್ ಸವೆದಿದೆಯಾ ಅಂತ ತಿಳ್ಕೊಳ್ಳೋಕೆ ಅಕ್ಷರಗಳನ್ನ ಓರೆ ಬೆಳಕಲ್ಲಿ ನೋಡಿ, ಒರಿಜಿನಲ್ ಆದ್ರೆ ಅಂಚು ಚೂಪಾಗಿ ನೆರಳು ಬೀಳುತ್ತೆ. ಶಾಫ್ಟ್‌ನ ಮೇಜಿನ ಮೇಲೆ ಉರುಳಿಸಿ ವಿಡಿಯೋ ಕಳಿಸಿ ಅನ್ನಿ, ಹೆಡ್ ಅಂಚಿನಿಂದಾಚೆ ನೇತಾಡ್ತಿರ್ಲಿ, ಸೊಟ್ಟ ಇದ್ರೆ ತಕ್ಷಣ ಗೊತ್ತಾಗುತ್ತೆ. ಅಯಸ್ಕಾಂತ ಹಿಡಿಯೋಕೆ ಹೇಳಿ, ಹಿತ್ತಾಳೆ ಬ್ರಾಂಝ್ ಅಂತ ಮಾರ್ತಿರೋ ಹೆಡ್‌ಗೆ ಗಟ್ಟಿಯಾಗಿ ಅಂಟಿದ್ರೆ ಅದು ಕಬ್ಬಿಣದ ಜಾತಿಗೆ ಬಣ್ಣ ಹಾಕಿರೋದು. ಆದ್ರೆ ಅಂಟಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂದ್ಕೋಬೇಡಿ, ನಕಲಿಗಳಲ್ಲಿ ಸತು ಬಳಸಿದ್ರೂ ಅಯಸ್ಕಾಂತ ಅಂಟಲ್ಲ. ಸತು ಹಗುರ ಲೋಹ, ಅದೇ ಅಳತೆಯ ಬ್ರಾಂಝ್ ಹೆಡ್‌ಗಿಂತ ತೂಕ ಕಮ್ಮಿ ಬರುತ್ತೆ, ಹಾಗಾಗಿ ತೂಕಾನೂ ಕೇಳಿ.

ತೂಕದ ವಿಷ್ಯ ಬಂತಲ್ಲ, ಇದು ಮೋಸ ಅಲ್ಲ, ಆದ್ರೂ ತುಂಬಾ ಜನ ಇಲ್ಲೇ ನಿರಾಶೆ ಆಗೋದು. ಹಳೇ ಹೆಡ್‌ಗಳು ಸಾಮಾನ್ಯವಾಗಿ 300 ಗ್ರಾಂ ಆಸುಪಾಸು, ಈಗಿನವು 340ರಿಂದ 370 ಗ್ರಾಂ. ಲಾಫ್ಟ್ ಈಗ 3-4 ಡಿಗ್ರಿ ಇದ್ರೆ ಆವಾಗ ಅದಕ್ಕಿಂತ ಜಾಸ್ತಿ ಇರ್ತಿತ್ತು. ಯಾಕಂದ್ರೆ ಗ್ರೀನ್ (ಗುಳಿ ಸುತ್ತಲಿನ, ಪಟ್ ಮಾಡೋ ಜಾಗ) ನಿಧಾನ, ಹುಲ್ಲು ಉದ್ದ, ಬಾಲ್‌ನ ಹುಲ್ಲಿಂದ ಎತ್ತಿ ಉರುಳಿಸ್ಬೇಕಿತ್ತು. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲೇ ಗ್ರೀನ್ ವೇಗ ಅಳೆಯೋ ಪಟ್ಟಿ ಮಾಡಿದ್ರೂ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಅದನ್ನ ಕೈಗೆ ತಗೊಂಡಿದ್ದು 1970ರ ದಶಕದಲ್ಲಿ, ಆವಾಗ ಅಳೆದಾಗ ಅಮೆರಿಕದ ಗ್ರೀನ್‌ಗಳಲ್ಲಿ ಆ ಪಟ್ಟಿಯಿಂದ ಜಾರಿದ ಬಾಲ್ ಉರುಳೋ ದೂರ ಸರಾಸರಿ ಆರೂವರೆ ಅಡಿ ಆಸುಪಾಸು ಬಂತು. ಈಗ ಟೂರ್ನಮೆಂಟ್‌ಗಳಲ್ಲಿ ಹತ್ತಡಿ ದಾಟೋದು ಮಾಮೂಲು. ಅಂಥ ಗ್ರೀನಲ್ಲಿ ಹಗುರ ಪಟರ್ ಹಿಡಿದ್ರೆ ಮೊದಮೊದಲು ಕೈ ಗಾಬರಿ ಬೀಳುತ್ತೆ, ಇಲ್ಲಾ ಬಾಲ್ ಅರ್ಧಕ್ಕೇ ನಿಲ್ಲುತ್ತೆ ಇಲ್ಲಾ ದಾಟಿ ಹೋಗುತ್ತೆ. ಹೆಡ್ ಹಿಂದೆ ಲೆಡ್ ಟೇಪ್ (ಸೀಸದ ಪಟ್ಟಿ) ಅಂಟಿಸ್ಕೊಳ್ಳಿ, ರೌಂಡ್ ಶುರುವಾಗೋ ಮುಂಚೆ ಅಂಟಿಸಿದ್ರೆ ನಿಯಮದಲ್ಲಿ ತಕರಾರಿಲ್ಲ, ಮಧ್ಯೆ ಅಂಟಿಸೋದು ಕೀಳೋದು ಮಾಡ್ಬೇಡಿ. ಲಾಫ್ಟ್ ಕಮ್ಮಿ ಮಾಡಿಸ್ತೀನಿ ಅಂತ ಹಳೇ ಹೋಸೆಲ್ ಬಗ್ಗಿಸೋಕೆ ಮಾತ್ರ ಹೋಗ್ಬೇಡಿ, ಹೋಗೋದಾದ್ರೂ ಕೆಲಸ ಗೊತ್ತಿರೋರ ಹತ್ರ ಹೋಗಿ. ನನ್ನ ಕೈಗೆ ಬಂದಿದ್ದು ಸತ್ತಿದ್ದೇ ಹಾಗೆ.

ಉದ್ದದ ಪಟರ್‌ಗಳೂ ಹಳೇದು ತುಂಬಾ ಬರುತ್ತೆ, ಹೊಟ್ಟೆಗೆ ಎದೆಗೆ ಊರಿ ಹೊಡೀತಿದ್ರಲ್ಲ ಆ ಥರದ್ದು. 2016 ಜನವರಿ 1ರಿಂದ ಹಾಗೆ ಊರಿ ಹೊಡೆಯೋದು ನಿಷೇಧ, ಪಟರ್ ಇಟ್ಕೊಳ್ಳೋದು ತಪ್ಪಲ್ಲ. ಮಾರೋರು ಈ ಎರಡ್ನೇದನ್ನ ಮಾತ್ರ ಹೇಳ್ತಾರೆ.

ಇಷ್ಟು ದಿನ ಬಿಟ್ಟು ಈಗ ಯಾಕೆ ಬರೀತಿದೀನಿ ಅಂದ್ರೆ, ನಾನು ವಾಪಸ್ ಕಳಿಸಿದ ಅದೇ ಪಟರ್ ಮತ್ತೆ ಮಾರಾಟಕ್ಕೆ ಬಂದಿದೆ, ಬೇರೆ ಹೆಸರಿನ ಅಕೌಂಟ್, ಬೆಲೆ ಮೊದಲಿಗಿಂತ ಜಾಸ್ತಿ. ಬಿರುಕಿಗೆ ಮತ್ತೆ ಬಣ್ಣ ಬಳಿದಿದಾರೆ, ಹೋಸೆಲ್ ಫೋಟೋ ಈ ಸಲಾನೂ ಮುಂಭಾಗದ್ದು ಮಾತ್ರ. ಅದೇ ಅಂತ ಹೆಂಗೆ ಗೊತ್ತು ಅಂತೀರಾ, ಟೋ ಕಡೆ ಕೆಳಗಡೆ ಅಂಚಲ್ಲಿ ಅಕ್ಕಪಕ್ಕ ಎರಡು ಸಣ್ಣ ಏಟಿನ ಗುರುತಿದೆ, ಒಂದು ಉದ್ದ ಒಂದು ಗಿಡ್ಡ, ಮತ್ತೆ ಗ್ರಿಪ್ ತುದಿಯ ಮುಚ್ಚಳದಲ್ಲಿ ಹಿರಿಯರು ಗ್ರಿಪ್ ಬಿಚ್ಚೋವಾಗ ಆದ ಗೀರು. ಫೋಟೋ ದೊಡ್ಡದು ಮಾಡಿ ನೋಡಿದ್ರೆ ಎರಡೂ ಕಾಣುತ್ತೆ.