ವೈಫೈ ಐಆರ್ ಬ್ಲಾಸ್ಟರ್: ತುಮಕೂರಿನ ಮನೆಗಳಿಗೆ ಹೊಂದುತ್ತದೆಯೇ?

ಟಿವಿ, ಎಸಿ, ಆಂಪ್ಲಿಫೈಯರ್ ಮೂರನ್ನೂ ಫೋನಿನಿಂದಲೇ ನಡೆಸುವ ಪುಟ್ಟ ಡಬ್ಬಿ ಇದು. ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತದೆ. ಜೋಡಣೆ ಅರ್ಧಕ್ಕೇ ನಿಂತರೆ ರೂಟರಿನಲ್ಲಿ 5 ಗಿಗಾಹರ್ಟ್ಸ್ ಆಫ್ ಮಾಡಿ ನೋಡಿ. ರಿಮೋಟಿನಂತೆ ಇದು ಬಿಡುವ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ (ಐಆರ್) ಬೆಳಕು ಗೋಡೆಯನ್ನಾಗಲಿ ಶೋಕೇಸಿನ ಮರದ ಬಾಗಿಲನ್ನಾಗಲಿ ದಾಟದು, ಹಾಗಾಗಿ ಹಾಲ್‌ಗೊಂದು, ರೂಮಿಗೊಂದು ಬೇಕು.

ಆಪಿನ ಪಟ್ಟಿಯಲ್ಲಿಲ್ಲದ ಆಂಪ್ಲಿಫೈಯರ್‌ಗೆ ಮೂಲ ರಿಮೋಟನ್ನು ನಾಲ್ಕು ಬೆರಳು ದೂರದಲ್ಲಿ ಹಿಡಿದು ಒಂದೊಂದೇ ಗುಂಡಿ ಕಲಿಸಬೇಕು. ಒತ್ತಿ ಹಿಡಿಯಬೇಡಿ, ಒಮ್ಮೆ ಒತ್ತಿ ಬಿಡಿ.

ದೊಡ್ಡ ಕೊರತೆಯೆಂದರೆ, ಕಳಿಸಿದ ಸಂಕೇತ ತಲುಪಿತೋ ಇಲ್ಲವೋ ಇದಕ್ಕೆ ತಿಳಿಯುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಆಪಿನಲ್ಲಿ ಟಿವಿ 'ಆನ್', ಎದುರಿಗೆ ಪರದೆ ಕಪ್ಪು! ಆನ್-ಆಫ್ ಎರಡಕ್ಕೂ ಒಂದೇ ಗುಂಡಿಯಿದ್ದರೆ ಈ ತಕರಾರು ತಪ್ಪಿದ್ದಲ್ಲ. ಆದರೆ ಎಸಿ ರಿಮೋಟು ಸಾಮಾನ್ಯವಾಗಿ ಪ್ರತಿ ಸಲ ಆನ್-ಆಫ್, ತಾಪಮಾನ, ಫ್ಯಾನ್ ವೇಗ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ, ಹಾಗಾಗಿ ಮುಂದಿನ ಒತ್ತಿಗೇ ಎಲ್ಲ ಸರಿಹೋಗುತ್ತದೆ. ಎಸಿಗಾದರೆ ಧೈರ್ಯವಾಗಿ ಕೊಳ್ಳಿ.