ನ್ಯೂಜೆರ್ಸಿಯ ಯಹೂದಿ ಪ್ರೀಸ್ಕೂಲ್: ಮಗಳನ್ನು ಕಳಿಸಿದ ತಾಯಿಯ ಅಭಿಪ್ರಾಯ

ನ್ಯೂಜೆರ್ಸಿಯಲ್ಲಿ ನಮ್ಮ ಮನೆ ಹತ್ತಿರ ಒಂದು ಜೆಸಿಸಿ, ಅಂದರೆ ಯಹೂದಿ ಸಮುದಾಯ ಭವನ ಇದೆ. ಅದರ ಪ್ರೀಸ್ಕೂಲ್‌ಗೆ ಮಗಳನ್ನು 2023ರ ಸೆಪ್ಟೆಂಬರ್‌ನಲ್ಲಿ ಸೇರಿಸಿದೆವು. ಆಗ ಅವಳಿಗೆ ಮೂರು ವರ್ಷ. 2025ರ ಜೂನ್‌ಗೆ ಅಲ್ಲಿನ ಓದು ಮುಗಿಯಿತು. ಇಲ್ಲಿನ ಕನ್ನಡದವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: "ನೀವು ಯಹೂದಿಗಳಲ್ಲ, ಸೇರಿಸ್ಕೋತಾರಾ? ಮಗೂಗೆ ಅವರ ಧರ್ಮ ಹೇಳ್ಕೊಡ್ತಾರಾ?"

ಸೇರಿಸಿಕೊಳ್ಳುತ್ತಾರೆ. ಜೆಸಿಸಿಗಳಿಗೆ ಸಾಮಾನ್ಯವಾಗಿ ಯಾರು ಬೇಕಾದರೂ ಬರಬಹುದು. ಮಗಳ ಕ್ಲಾಸಿನಲ್ಲಿ ಚೀನಾದವರು, ಗುಜರಾತಿಗಳು, ಕೊರಿಯಾದವರು ಎಲ್ಲ ಇದ್ದರು. ಬೇರೆಯವರನ್ನು ತಮ್ಮ ಮತಕ್ಕೆ ಸೆಳೆಯುವ ಅಭ್ಯಾಸ ಯಹೂದಿಗಳಲ್ಲಿ ಇಲ್ಲ, ಆ ಭಯ ಬೇಡ. ಆದರೆ ಹೀಬ್ರೂ ಹಾಡು, ಊಟಕ್ಕೆ ಮುಂಚಿನ ಪ್ರಾರ್ಥನೆ, ಹಬ್ಬಗಳು ಇವೆಲ್ಲ ದಿನದ ಪಾಠದಲ್ಲೇ ಸೇರಿಕೊಂಡಿವೆ. ಅದು ಬೇಡ ಅನ್ನುವವರು ಬೇರೆ ಶಾಲೆ ನೋಡುವುದು ಒಳ್ಳೆಯದು. ನಮಗೆ ಅದೇ ಇಷ್ಟವಾಯಿತು.

ಯಾಕೆ ಅಂದರೆ, ಶುಕ್ರವಾರ. ಯಹೂದಿಗಳ ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ಪವಿತ್ರ ದಿನ, ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗುತ್ತದೆ. ಶಾಲೆಯಲ್ಲಿ ಅದಕ್ಕೆ ಬೆಳಗ್ಗೆಯಿಂದಲೇ ತಯಾರಿ. ಮಕ್ಕಳಿಗೆ ಒಂದೊಂದು ಉಂಡೆ ಹಿಟ್ಟು ಕೊಡುತ್ತಾರೆ. ಅದನ್ನು ಮೂರು ಭಾಗ ಮಾಡಿ, ಹೊಸೆದು, ಜಡೆ ಹಾಕಿದ ಹಾಗೆ ಹೆಣೆಯಬೇಕು. ಅದೇ ಹಾಲಾ ಅನ್ನುವ ಶಬ್ಬಾತ್ ಬ್ರೆಡ್. ಶುರುವಿನಲ್ಲಿ ನಮ್ಮವಳು ಹಿಟ್ಟನ್ನು ಬಾಯಿಗೇ ಹಾಕಿಕೊಳ್ಳುತ್ತಿದ್ದಳು. ಚಳಿಗಾಲದ ಹೊತ್ತಿಗೆ ಎಳೆಗಳು ಒಂದರ ಮೇಲೊಂದು ಸರಿಯಾಗಿ ಬರತೊಡಗಿದವು. ಮರುವರ್ಷ ನಾನು ಕ್ಲಾಸಿಗೆ ಹೋಗಿದ್ದಾಗ, ಹೊಸದಾಗಿ ಸೇರಿದ ಹುಡುಗನ ಪಕ್ಕ ಕೂತು, "ಮಧ್ಯದ್ದನ್ನ ಮುಟ್ಬೇಡ, ಮೊದ್ಲು ಪಕ್ಕದ್ದು" ಅಂತ ಅವನಿಗೆ ಇಂಗ್ಲಿಷ್‌ನಲ್ಲಿ ಹೇಳಿಕೊಡುತ್ತಿದ್ದಳು. ಪೆನ್ಸಿಲ್ ಹಿಡಿಯುವ ಬೆರಳಿಗೆ ಇದಕ್ಕಿಂತ ಒಳ್ಳೆಯ ತಾಲೀಮು ನನಗಂತೂ ಗೊತ್ತಿಲ್ಲ.

ಆಮೇಲೆ ಮೇಣದಬತ್ತಿ, ದ್ರಾಕ್ಷಿ ರಸ, ಬ್ರೆಡ್, ಹಾಡು. ಪ್ರತಿ ವಾರ ಅದೇ ಕ್ರಮ. ನಮ್ಮವಳು ತುಂಬಾ ನಾಚಿಕೆಯ ಹುಡುಗಿ. ಮುಂದೆ ಏನು ಬರುತ್ತೆ ಅಂತ ಗೊತ್ತಿದ್ದದ್ದರಿಂದಲೇ ಅವಳು ಬಾಯಿ ಬಿಟ್ಟು ಹಾಡಿದ್ದು.

ಹಾಡಿಗೆ ಮುಂಚೆ ಎಲ್ಲರೂ ದಾನದ ಡಬ್ಬಿಗೆ ಚಿಲ್ಲರೆ ಹಾಕುತ್ತಾರೆ. ತ್ಸೆದಾಕಾ ಡಬ್ಬಿ ಅನ್ನುತ್ತಾರೆ. ವರ್ಷದ ಕೊನೆಗೆ ಅದನ್ನು ನೆಲದ ಮೇಲೆ ಸುರಿದು ಮಕ್ಕಳ ಕೈಯಲ್ಲೇ ಎಣಿಸಿದರು. ಹತ್ತು ಸೆಂಟಿನ ನಾಣ್ಯ ಡೈಮ್ ನೋಡಲು ಐದು ಸೆಂಟಿನ ನಿಕಲ್‌ಗಿಂತ ಚಿಕ್ಕದು, ಬೆಲೆ ಮಾತ್ರ ಎರಡರಷ್ಟು. ಇದು ಹೇಗೆ ಅಂತ ಮಗಳು ಮನೆಯಲ್ಲಿ ಬಹಳ ದಿನ ತಲೆ ತಿಂದಳು. ಆ ದುಡ್ಡು ಬೀದಿ ನಾಯಿಗಳ ಆಶ್ರಯಕ್ಕೋ, ಬಡವರಿಗೆ ದಿನಸಿ ಕೊಡುವ ಕಡೆಗೋ ಅಂತ ಮಕ್ಕಳೇ ಕೂತು ಚರ್ಚೆ ಮಾಡಿದರು. ಕೊನೆಗೆ ದಿನಸಿಗೆ ಅಂತ ತೀರ್ಮಾನವಾಯಿತು. ನಾಲ್ಕು ವರ್ಷದ ಮಕ್ಕಳು!

ಎಬಿಸಿ, ಒಂದು ಎರಡು ತಿದ್ದಿಸುವುದು ಇಲ್ಲಿ ಕಡಿಮೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯ ರೆಜ್ಜೊ ಎಮಿಲಿಯಾ ಊರಿನಲ್ಲಿ ಬೆಳೆದ ಶಿಶುವಿಹಾರದ ಪದ್ಧತಿಯನ್ನು ಇವರು ಅನುಸರಿಸುತ್ತಾರೆ. ಮಗು ಏನು ಕೇಳುತ್ತೋ ಅದರಿಂದಲೇ ಪಾಠ ಹುಟ್ಟಬೇಕು ಅನ್ನುವುದು ಅದರ ತಿರುಳು. ಇದು ಯಹೂದಿ ಮನೆತನದ ಅಭ್ಯಾಸಕ್ಕೂ ಚೆನ್ನಾಗಿ ಹೊಂದುತ್ತದೆ. ಪಾಸೋವರ್ ಅಂದರೆ ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆ ಹೇಳುವ ಹಬ್ಬ. ಅದರ ಊಟಕ್ಕೆ ಮುಂಚೆ ನಾಲ್ಕು ಪ್ರಶ್ನೆ ಕೇಳುವವರು ಮನೆಯ ಅತಿ ಚಿಕ್ಕವರು. ಪ್ರಶ್ನೆ ಕೇಳದೆ ಕಥೆ ಮುಂದೆ ಹೋಗಲ್ಲ. "ಸುಮ್ನೆ ಕೂತ್ಕೋ" ಅಂತ ಬೆಳೆದ ನಮ್ಮಂಥವರಿಗೆ ಇದು ದೊಡ್ಡ ವಿಷಯ ಅಲ್ವಾ. ಓದು ಬರಹ ಕಿಂಡರ್‌ಗಾರ್ಟನ್‌ನಲ್ಲಿ ತಾನಾಗಿ ಬಂತು.

ಊಟದ ಡಬ್ಬಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಾಂಸ ಮತ್ತು ಹಾಲನ್ನು ಬೆರೆಸಬಾರದು ಅನ್ನುವ ಕೋಷರ್ ನಿಯಮ ಇರುವುದರಿಂದ ಶಾಲೆಗೆ ಮಾಂಸವೇ ತರುವ ಹಾಗಿಲ್ಲ. ಸಸ್ಯಾಹಾರಿಗಳಿಗೆ ಎಷ್ಟು ನಿರಾಳ! ಮೊಸರನ್ನ, ಇಡ್ಲಿ, ಚಪಾತಿ ಏನೂ ತೊಂದರೆಯಿಲ್ಲ. ಆದರೆ ಅಲರ್ಜಿ ಕಾರಣಕ್ಕೆ ಕಡಲೆಕಾಯಿ, ಗೋಡಂಬಿ ಕಟ್ಟುನಿಟ್ಟಾಗಿ ಬೇಡ. ಚಿತ್ರಾನ್ನ, ಪೊಂಗಲ್ ಎರಡನ್ನೂ ಬೇರೆ ಥರ ಮಾಡಲು ಕಲಿತೆ. ಹಾಲಾ ಬ್ರೆಡ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ತಿನ್ನದವರು ಮೊದಲೇ ಹೇಳಿ. ನಮಗೆ ಮೊಟ್ಟೆ ಇಲ್ಲದ ಹಿಟ್ಟು ಬೇರೆ ಕಲಸಿ ಕೊಟ್ಟರು.

ಕಷ್ಟ ಬರುವುದು ಪಾಸೋವರ್ ವಾರದಲ್ಲಿ. ಶಾಲೆ ತೆರೆದಿರುವ ದಿನಗಳಲ್ಲೂ ಗೋಧಿಯದ್ದು ಏನೂ ಬೇಡ: ಬ್ರೆಡ್, ಪಾಸ್ತಾ, ಚಪಾತಿ, ಉಪ್ಪಿಟ್ಟು ಯಾವುದೂ ಇಲ್ಲ. ಅಕ್ಕಿ, ಬೇಳೆಯ ವಿಷಯದಲ್ಲಿ ಯಹೂದಿಗಳಲ್ಲೇ ಎರಡು ಸಂಪ್ರದಾಯ. ಮಧ್ಯ, ಪೂರ್ವ ಯುರೋಪಿನ ಕಡೆಯವರು ಬಿಡುವುದು ವಾಡಿಕೆ, ಸ್ಪೇನ್ ಮೂಲದ ಸೆಫಾರ್ದಿ ಕಡೆಯ ಬಹಳಷ್ಟು ಜನ ತಿನ್ನುತ್ತಾರೆ. ಯಹೂದಿಗಳ ಪಂಥಗಳಲ್ಲೊಂದಾದ ಕನ್ಸರ್ವೇಟಿವ್ ಪಂಥದವರು 2015ರಲ್ಲಿ ತಿನ್ನಬಹುದು ಅಂದರು. ನಮ್ಮ ಶಾಲೆ ಬೇಡ ಅನ್ನುತ್ತಿತ್ತು. ಆಗ ಕೈ ಹಿಡಿದದ್ದು ಅಮ್ಮನ ಏಕಾದಶಿ ಅಡುಗೆ: ಸಬ್ಬಕ್ಕಿ, ಆಲೂಗಡ್ಡೆ ಪಲ್ಯ, ಮೊಸರು, ಹಣ್ಣು.

ಇನ್ನು ರಜೆ. ಕೆಲಸಕ್ಕೆ ಹೋಗುವ ಅಪ್ಪ ಅಮ್ಮ ಸರಿಯಾಗಿ ಯೋಚಿಸಬೇಕಾದದ್ದು ಇಲ್ಲೇ. 2024ರ ಅಕ್ಟೋಬರ್‌ನಲ್ಲಿ 3, 4, 17, 18, 24, 25 ಎಲ್ಲವೂ ಹಬ್ಬ, ಎಲ್ಲವೂ ಗುರುವಾರ ಶುಕ್ರವಾರ. ಉಪವಾಸದ ದಿನವಾದ ಯೋಮ್ ಕಿಪ್ಪುರ್‌ನ ಹಿಂದಿನ ದಿನ ಅರ್ಧ ದಿನ ಶಾಲೆ. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೇ ಸೂರ್ಯ ಮುಳುಗಿ ಶಬ್ಬಾತ್ ಶುರುವಾಗುವುದರಿಂದ ಶುಕ್ರವಾರ ಬೇಗ ಬಾಗಿಲು ಹಾಕುತ್ತಾರೆ. ಫೀಸ್ ಮಾತ್ರ ಪೂರ್ತಿ ಕಟ್ಟಬೇಕು, ಅದೂ ಕಡಿಮೆಯಲ್ಲ. ನನ್ನ ರಜೆಯೆಲ್ಲ ಇದಕ್ಕೇ ಹೋಯಿತು. ಇದರ ಬಗ್ಗೆ ನನಗೆ ಈಗಲೂ ಬೇಸರವಿದೆ.

ಆದರೂ ಅವರ ಹೊಸ ವರ್ಷ ರೋಷ್ ಹಶಾನಾ ಮತ್ತು ನಮ್ಮ ನವರಾತ್ರಿ ಆ ವರ್ಷ ಒಂದೇ ದಿನ ಬಿದ್ದವು. ಅವರ ಪಂಚಾಂಗವೂ ಚಂದ್ರನದ್ದು, 19 ವರ್ಷಕ್ಕೆ 7 ಅಧಿಕ ಮಾಸ. ಮಗಳು ಮನೆಯಲ್ಲೇ ಇದ್ದು ಗೊಂಬೆ ಕೂರಿಸಿದಳು. ದೀಪಾವಳಿಗೆ ಟೀಚರ್ ನಮ್ಮನ್ನೇ ಕರೆದು ಹಣತೆ ಹಚ್ಚಿಸಿದರು.

ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರ ಇರುತ್ತಾನೆ. ಇಂಥ ಜಾಗಗಳ ಮೇಲೆ ದಾಳಿಗಳು ನಡೆದಿರುವುದರಿಂದ ಅದು ಬೇಕೇ ಬೇಕು. ಭೇಟಿಗೆ ಹೋದಾಗ ಇದನ್ನೂ ನೋಡಿ, ನಿಮ್ಮ ಮನಸ್ಸಿಗೆ ಒಪ್ಪುತ್ತದೆಯೇ ಅಂತ ತಿಳಿದುಕೊಳ್ಳಿ.

ಎಲ್ಲ ಯಹೂದಿ ಶಾಲೆಗಳೂ ಒಂದೇ ಥರ ಅಲ್ಲ. ಸಿನಗಾಗ್‌ಗಳು, ಅಂದರೆ ಯಹೂದಿ ಪ್ರಾರ್ಥನಾ ಮಂದಿರಗಳು ನಡೆಸುವ ಕೆಲವು ಕಡೆ ಯಹೂದಿ ಮಕ್ಕಳಿಗೆ ಮಾತ್ರ ಜಾಗ. ಸೇರಿಸುವ ಮುಂಚೆ ಇಡೀ ವರ್ಷದ ರಜೆ ಪಟ್ಟಿ, ಊಟದ ಡಬ್ಬಿಯ ನಿಯಮ, ಫೀಸ್ ರಿಯಾಯಿತಿ ಈ ಮೂರನ್ನೂ ಕೈಗೆ ತೆಗೆದುಕೊಳ್ಳಿ. ನಮ್ಮ ಚಿಕ್ಕವನ ಅರ್ಜಿಯನ್ನೂ ಅಲ್ಲಿಗೇ ಹಾಕಿದ್ದೇವೆ.