ಟ್ಯಾಂಕ್ ತೆಗೆದ ಗುಂಡಿಯ ಮಣ್ಣು: ಮೀಟರ್ ಸಾಕಾ, ಲ್ಯಾಬ್ ಬೇಕಾ?

ನೆಲದಡಿಯ ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕ್ ತೆಗೆದ ಮೇಲೆ, ಸೋರಿದ ಇಂಧನ ಮಣ್ಣಿನಲ್ಲಿ ಉಳಿದಿದೆಯಾ ಅಂತ ನೋಡಬೇಕು. ಕೈಯಲ್ಲಿ ಹಿಡಿಯುವ ಪಿಐಡಿ ಮೀಟರ್ ಮಣ್ಣಿನಿಂದ ಏಳುವ ಇಂಧನದ ಆವಿಯನ್ನು ಅಲ್ಲೇ ಅಳೆಯುತ್ತದೆ. ಇನ್ನೂ ಎಲ್ಲಿ ಅಗೆಯಬೇಕು ಅಂತ ತಕ್ಷಣ ಗೊತ್ತಾಗುತ್ತದೆ. ಪೆಟ್ರೋಲ್ ಸೋರಿದ್ದರೆ ಒಳ್ಳೆಯ ಸಾಧನ. ಡೀಸೆಲ್ ಅಷ್ಟು ಬೇಗ ಆವಿಯಾಗುವುದಿಲ್ಲ ಅಲ್ವಾ, ಅಲ್ಲಿ ಮೀಟರ್ ಕಡಿಮೆ ತೋರಿಸಬಹುದು. ಒದ್ದೆ ಮಣ್ಣಿನಲ್ಲೂ ಅಷ್ಟೇ. ಇಂಧನದಲ್ಲಿರುವ ವಿಷಕಾರಿ ಬೆಂಜೀನ್ ಎಷ್ಟಿದೆ ಅಂತ ಮೀಟರ್ ಬಿಡಿಸಿ ಹೇಳುವುದಿಲ್ಲ.

ಲ್ಯಾಬ್ ನಿಧಾನ, ಖರ್ಚೂ ಜಾಸ್ತಿ. ಆದರೆ ಬೆಂಜೀನ್, ಟಾಲ್ಯುಯಿನ್, ನ್ಯಾಫ್ತಲೀನ್‌ನಂಥ ಇಂಧನದ ರಾಸಾಯನಿಕಗಳಲ್ಲಿ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಮಾದರಿ ಮಾತ್ರ ಸರಿಯಾಗಿರಬೇಕು. ಟ್ಯಾಂಕಿನ ತಳದ ಮತ್ತು ಪೈಪಿನ ಕೆಳಗಿನ, ಆಗಷ್ಟೇ ಕೆದಕಿದ ಮಣ್ಣು ತೆಗೆಯಿರಿ. ಗಾಳಿಯಾಡದಂತೆ ಮುಚ್ಚಿ, ಐಸಿನಲ್ಲಿಟ್ಟು ಕಳಿಸಿ. ಇಲ್ಲದಿದ್ದರೆ ಬೆಂಜೀನ್ ಹಾರಿಹೋಗಿ, ಕೆಟ್ಟ ಮಣ್ಣೂ ಚೆನ್ನಾಗಿದೆ ಅಂತ ವರದಿ ಬರುತ್ತದೆ.

ಹತ್ತಿರ ಕುಡಿಯುವ ನೀರಿನ ಬಾವಿ ಇದ್ದರೆ ಬರೀ ಮೀಟರ್ ನಂಬಬೇಡಿ. ಮಾದರಿಯ ಜಾಗ ಆರಿಸಲು ಅದನ್ನು ಬಳಸಿ, ತೀರ್ಮಾನ ಲ್ಯಾಬ್ ವರದಿ ನೋಡಿ ಮಾಡಿ.